ಭೂಮದ ಪಂಕ್ತಿಗೊಂದು ಮೊಣಕಾಲು

ಬಾಗಿಲಿನ ಬಿಜಾಗರಿಗೂ ಮನುಷ್ಯನ ಮೊಣಕಾಲಿಗೂ ಏನು ಫರಕು ಎಂದು ಎಪ್ಪತ್ತರ ದಶಕದ ಕೊನೆಯಲ್ಲಿ ಯಾರಾದರೂ ಕೇಳಿದ್ದರೆ, ಏನೂ ಇಲ್ಲ ಎಂದುಬಿಡುತ್ತಿದ್ದೆ. ಗದಗಿನ ಒಂದು ತರಬೇತಿ ಶಾಲೆಯಲ್ಲಿ ನಾನು ಲೇಥ್ ಕೆಲಸ ಕಲಿಸುತ್ತಿದ್ದೆ. ಕಬ್ಬಿಣ ನನ್ನ ಮಾತು ಕೇಳುತ್ತದೆ ಎಂಬ ಸೊಕ್ಕು ಮೈತುಂಬ ಇತ್ತು.

ಅಕ್ಕ ಶಿರಹಟ್ಟಿಯಲ್ಲಿ ಶಿಕ್ಷಕಿ. ಬಸ್ಸಿನ ಅಪಘಾತವೊಂದರಲ್ಲಿ ಅವಳ ಬಲಗಾಲನ್ನು ತೊಡೆಯ ನಡುವಿನಿಂದ ತೆಗೆದಿದ್ದರು. ಆಮೇಲೆ ಸಿಕ್ಕ ಕಟ್ಟಿಗೆಯ ಕಾಲು ಮಡಚುತ್ತಿರಲಿಲ್ಲ. ಅದನ್ನೇ ಎಳೆದುಕೊಂಡು ಶಾಲೆಗೆ ಹೋಗಿಬರುತ್ತಿದ್ದಳು. ಕಷ್ಟವಿದ್ದದ್ದು ಊಟದ ಹೊತ್ತಿನಲ್ಲಿ. ನೆಲಕ್ಕೆ ಕೂತರೆ ಆ ಕಾಲು ನೆಟ್ಟಗೆ ಚಾಚಿಕೊಂಡು ಎದುರಿನವರ ಎಲೆಯತ್ತ ಹೋಗುತ್ತಿತ್ತು. ನಮ್ಮದು ಲಕ್ಷ್ಮೇಶ್ವರದ ಗುಡಿ ಸೇವೆಯ ಮನೆತನ. ಉಣ್ಣುವವರ ಎಲೆಗೆ ಕಾಲು ತೋರಿಸುವುದೆಂದರೆ ದೊಡ್ಡ ತಪ್ಪು. ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಹಬ್ಬವಿರಲಿ ಹುಣ್ಣಿಮೆಯಿರಲಿ, ಅಕ್ಕ ಅಡಿಗೆಮನೆಯಲ್ಲಿ ಕುರ್ಚಿಯ ಮೇಲೆ ಒಬ್ಬಳೇ ಉಣ್ಣತೊಡಗಿದಳು.

ಅಷ್ಟರಲ್ಲಿ ಅವಳ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ದಿನ ಭೂಮದ ಊಟ ಎಂದಿದೆ. ಮದುಮಕ್ಕಳು, ಇಬ್ಬರ ತಾಯಂದಿರು, ಹತ್ತಿರದ ಬಳಗ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅಕ್ಕನ ಬದಲಿಗೆ ಚಿಕ್ಕಮ್ಮ ಕೂಡಲಿ ಎಂದು ಹಿರಿಯರು ಮೆಲ್ಲಗೆ ಮಾತು ತೆಗೆದರು. ಅಕ್ಕ ಆ ಮಾತು ಕೇಳಿ ನನ್ನನ್ನು ಕರೆದಳು.

"ತಮ್ಮಾ, ಮಷೀನಿಗೆಲ್ಲಾ ಕೀಲ ಮಾಡ್ತಿ. ನನಗೊಂದು ಮೊಣಕಾಲ ಮಾಡಿ ಕೊಡು. ನನ್ನ ಮಗಳ ಭೂಮಕ್ಕ ನಾನ ಕುಂಡ್ರಬೇಕು."

"ಅದೇನ್ ದೊಡ್ಡದು ಬಿಡಕ್ಕಾ," ಎಂದೆ. ನಡೆಯುವಂಥ ಮೊಣಕಾಲು ಮಾಡಿದರೆ ಅದು ನೆಲಕ್ಕೆ ಕೂಡದೆ ಎಲ್ಲಿ ಹೋಗುತ್ತದೆ ಎಂದುಕೊಂಡೆ.

ಮೊದಲನೆಯದಕ್ಕೆ ಗಟ್ಟಿ ಬಿಜಾಗರಿಯನ್ನೇ ಹಾಕಿದೆ. ಅಕ್ಕ ಒಂದು ಹೆಜ್ಜೆ ಇಟ್ಟಳು; ಭಾರ ಬಿದ್ದದ್ದೇ ತಡ ಕಾಲು ಫಟ್ಟನೆ ಮಡಚಿತು. ಕಂಬ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದಳು. "ಇದನ್ನ ಬಾಗಲಕ್ಕ ಹಚ್ಚಪಾ," ಎಂದು ಬಿಚ್ಚಿ ಕೊಟ್ಟಳು. ನನಗೆ ಬಹಳ ನಾಚಿಕೆಯಾಯಿತು.

ಅಲ್ಲಿಂದ ನನಗೆ ಮೊಣಕಾಲಿನ ಹುಚ್ಚು ಹಿಡಿಯಿತು. ಸಂಜೆ ಗದಗ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಬರುವವರ ಹೋಗುವವರ ಕಾಲುಗಳನ್ನೇ ನೋಡುತ್ತಿದ್ದೆ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಯ ಹಕ್ಕಿಗಳನ್ನೂ ಬಿಡಲಿಲ್ಲ. ಅವುಗಳ ಮೊಣಕಾಲು ಹಿಂದಕ್ಕೆ ಮಡಚುತ್ತದೆಂದು ಬೆರಗಾಗಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು ಎಂದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ನನ್ನದೇ ಮೊಣಕಾಲಿನ ಪಕ್ಕಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಮಡಚಿ ನೋಡಿದೆ. ಕಾಲು ಆ ಚುಕ್ಕೆಯ ಸುತ್ತ ತಿರುಗಲೇ ಇಲ್ಲ. ಎಲ್ಲಿ ಚುಕ್ಕೆ ಇಟ್ಟರೂ ತಿರುಗುವ ಜಾಗ ಅಲ್ಲಿಂದ ತುಸು ಸರಿಯುತ್ತಿತ್ತು.

ಒಳಗೆ ಏನಿದೆ ನೋಡದೆ ಗತ್ಯಂತರವಿರಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನಾನು, ಒಂದು ಮುಂಜಾನೆ ಬೆಟಗೇರಿಯ ಮಟನ್ ಅಂಗಡಿಯ ಮುಂದೆ ಹೋಗಿ ನಿಂತೆ. ಅಂಗಡಿಯವ ಗುರುತಿನವನು, ನನ್ನನ್ನು ಕಂಡು ಕತ್ತಿ ಕೆಳಗಿಟ್ಟ.

"ದಾರಿ ತಪ್ಪಿದಿರೇನ್ರಿ ಸರ?"

"ಇಲ್ಲಪಾ, ಕುರಿದು ಒಂದು ಮೊಣಕಾಲ ನೋಡಬೇಕಾಗಿತ್ತು."

ಅವನು ನಗಲಿಲ್ಲ. ಹಿಂಗಾಲೊಂದನ್ನು ಸೀಳಿ, ಕೀಲನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ಮಡಚಿ ತೋರಿಸಿದ. "ನೋಡ್ರಿ, ಇದು ಬಾಗಲದಂಗ ತಿರಗಂಗಿಲ್ಲ. ಗಾಲಿಯಂಗ ಉಳ್ಳತೈತಿ, ಉಳ್ಳಕೋಂತ ಜಾರತೈತಿ. ಒಳಗಿನ ಈ ಎರಡು ನರಾ ಅದಾವಲ್ಲ, ಕತ್ತರಿ ಹಾಕಿದಂಗ, ಇವ ಹಿಡಕೊಂಡಿರತಾವ." ಮೂಗು ಮುಚ್ಚಿಕೊಂಡಿದ್ದ ಕೈಯನ್ನು ನಾನು ಯಾವಾಗ ತೆಗೆದೆನೋ ನೆನಪಿಲ್ಲ. ನಾನೇ ಹಿಡಿದು ಇಪ್ಪತ್ತು ಸಲ ಮಡಚಿರಬೇಕು. ಅಷ್ಟು ಚಂದದ ಕೆಲಸವನ್ನು ನಾನು ಯಾವ ಮಷೀನಿನಲ್ಲೂ ಕಂಡಿರಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ, ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದದ್ದು ಮಾತ್ರ ನನ್ನ ದಡ್ಡತನ. ಹೆಂಡತಿ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದಳು. ಚೀಲ ಮತ್ತೆ ಮನೆಯೊಳಗೆ ಬರಲಿಲ್ಲ.

ಆ ಎರಡು ನರಗಳ ಬದಲಿಗೆ ಉಕ್ಕಿನ ಪಟ್ಟಿ ಕೊರೆದೆ. ಮೇಲೊಂದು ತುಂಡು, ಕೆಳಗೊಂದು ತುಂಡು, ನಡುವೆ ಪಟ್ಟಿಗಳು. ಮಡಚಿದಂತೆಲ್ಲ ತಿರುಗುವ ಜಾಗವೂ ಸರಿಯಬೇಕು; ನಿಂತಾಗ ಭಾರ ಬಿದ್ದಷ್ಟೂ ಕಾಲು ಗಟ್ಟಿಯಾಗಬೇಕು. ನಾಲ್ಕು ಸಲ ಮಾಡಿದೆ, ನಾಲ್ಕು ಸಲ ಕೆಡಿಸಿದೆ. ಐದನೆಯದನ್ನು ತೊಟ್ಟು ಅಕ್ಕ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಅವ್ವ ಕಣ್ಣೊರೆಸಿಕೊಂಡಳು. ನಾನಂತೂ ಉಬ್ಬಿಹೋದೆ.

"ನಡದದ್ದಾತು. ಇನ್ನ ಕುಂಡ್ರಸು," ಎಂದಳು ಅಕ್ಕ.

ಕೂಡಿಸಿದೆವು. ಕಾಲು ಮಡಚಿತು, ಆದರೆ ನೆಟ್ಟಗೆ ಹಿಂದಕ್ಕೆ. ಚಕ್ಕಳಮಕ್ಕಳ ಹಾಕಲು ಬರಲಿಲ್ಲ. ಅಕ್ಕ ಮಣೆಯ ಮೇಲೆ ಒಂದು ಕಡೆಗೆ ವಾಲಿ, ಕೈ ಊರಿಕೊಂಡು ನನ್ನ ಮುಖ ನೋಡಿದಳು. "ನಡಿಯಾಕ ಕಟ್ಟಿಗಿ ಕಾಲ ಇತ್ತಲ್ಲೋ ತಮ್ಮಾ. ನಾ ಕೇಳಿದ್ದು ಕುಂಡ್ರಾಕ." ಬೈದಿದ್ದರೆ ಚೆನ್ನಾಗಿತ್ತು.

ನಾನು ತಿಂಗಳುಗಟ್ಟಲೆ ನೋಡಿದ್ದೆಲ್ಲ ನಡೆಯುವವರನ್ನು. ನನ್ನ ಹತ್ತಿರವಿದ್ದ ಪುಸ್ತಕದ ಚಿತ್ರಗಳಲ್ಲೂ ಎಲ್ಲರೂ ಕುರ್ಚಿಯ ಮೇಲೆಯೇ ಕೂತಿದ್ದರು. ದಿನಾ ಎರಡು ಹೊತ್ತು ಮಣೆಯ ಮೇಲೆ ಕೂತು ಉಣ್ಣುವ ನಾನು, ಹೇಗೆ ಕೂಡುತ್ತೇನೆ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಅಂದು ರಾತ್ರಿ ರೊಟ್ಟಿ ಆರುತ್ತಿದ್ದರೂ ಕೂತು ಎದ್ದು, ಕೂತು ಎದ್ದು ಮಾಡಿದೆ. ಚಕ್ಕಳಮಕ್ಕಳ ಹಾಕುವಾಗ ಮಡಚುವುದು ಅರ್ಧ ಕೆಲಸ. ಉಳಿದರ್ಧ ತೊಡೆಯೇ ಹೊರಳುವುದು. ಅಕ್ಕನಿಗೆ ಉಳಿದ ಅರ್ಧ ತೊಡೆಯಿಂದ ಅಷ್ಟು ಹೊರಳಲು ಆಗುತ್ತಿರಲಿಲ್ಲ. ಹಾಗಾಗಿ ಮೊಣಕಾಲಿನ ಮೇಲೆ, ಸೀರೆಯೊಳಗೆ ಕಾಣದಂತೆ, ಬೇರಿಂಗ್ ಹಾಕಿದ ಎರಡು ಉಕ್ಕಿನ ತಟ್ಟೆ ಕೂಡಿಸಿದೆ. ಗುಂಡಿ ಒತ್ತಿದರೆ ಕೆಳಗಿನ ಕಾಲು ಪಕ್ಕಕ್ಕೆ ತಿರುಗುತ್ತದೆ. ನೆಟ್ಟಗೆ ಮಾಡಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಮದುವೆಗೆ ಎಂಟೇ ದಿನ ಉಳಿದಿತ್ತು.

ಭೂಮದ ಪಂಕ್ತಿಯಲ್ಲಿ ಅಕ್ಕ ಮಗಳ ಪಕ್ಕ ಕೂತಳು, ಎಲ್ಲರ ಹಾಗೆ, ಕಾಲು ಮಡಚಿ. ಅವಳ ಇನ್ನೊಂದು ಪಕ್ಕಕ್ಕೆ ವರನ ತಾಯಿ, ನಮ್ಮ ಹೊಸ ಬೀಗತಿ. ಅವರು ಮುಂಡರಗಿ ಕಡೆಯವರು, ಮಾತು ಕಡಿಮೆ. ಬಡಿಸುತ್ತಿದ್ದ ನನಗೆ ಅಕ್ಕನ ಎಲೆ ಬಿಟ್ಟು ಬೇರೆ ಎಲೆ ಕಾಣಲಿಲ್ಲ.

ಊಟ ಮುಗಿಯಿತು. ಪಂಕ್ತಿ ಎಂದರೆ ಎಲ್ಲರ ಊಟ ಮುಗಿದ ಮೇಲೆ ಒಟ್ಟಿಗೇ ಏಳಬೇಕು. ಅಕ್ಕ ಕಾಲನ್ನು ತಿರುಗಿಸಿ ನೆಟ್ಟಗೆ ಮಾಡಿದಳು, ಕಚ್ಚಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಅವಳ ಹಣೆಯ ಮೇಲೆ ಬೆವರು. ಕೂಡುವುದನ್ನು ನಾವು ನೂರು ಸಲ ನೋಡಿದ್ದೆವು. ಏಳುವಾಗ ಮನೆಯಲ್ಲಿ ನಾನೇ ಕೈ ಕೊಟ್ಟು ಎಬ್ಬಿಸುತ್ತಿದ್ದೆ. ಪಾತ್ರೆ ಕೆಳಗಿಟ್ಟು ಧಾವಿಸಿದೆ.

"ಬ್ಯಾಡ," ಎಂದಳು ಅಕ್ಕ, ತಲೆ ಎತ್ತದೆ.

ಅತ್ತ ಹಿರಿಯರೊಬ್ಬರು ಏಳಲು ಮಂಡಿಯ ಮೇಲೆ ಕೈ ಇಟ್ಟಿದ್ದರು. ಆಗ ಬೀಗತಿ, ಉಂಡ ಕೈ ಒಣಗಿದ್ದರೂ, ನನ್ನತ್ತ ತಿರುಗಿ ಗಟ್ಟಿಯಾಗಿ ಅಂದರು: "ಯಾಕ್ರಿ, ಮಜ್ಜಿಗಿ ತೀರಿತೇನು? ನನ್ನ ಊಟ ಇನ್ನೂ ಆಗಿಲ್ಲ."

ಹಿರಿಯರು ಮತ್ತೆ ಕೂತರು. ನಾನು ಮಜ್ಜಿಗೆ ಬಡಿಸಿದೆ. ಕುಡಿದು ಮತ್ತೆ ಕೇಳಿದರು. ಮದುಮಗನೂ ಕೇಳಿದ. ಪಂಕ್ತಿಗೆ ಪಂಕ್ತಿಯೇ ಮಜ್ಜಿಗೆ ಕೇಳತೊಡಗಿತು. ನನಗೆ ಅಳು ಬಂದು ಬಟ್ಟಲು ಯಾವುದು, ಎಲೆ ಯಾವುದು ತಿಳಿಯದಂತಾಯಿತು. ಬೀಗತಿ ಅಕ್ಕನತ್ತ ಒಮ್ಮೆಯೂ ನೋಡಲಿಲ್ಲ. ಮೂರನೆಯ ಸಲ ಬಡಿಸುವಾಗ ಟಕ್ಕೆಂದು ಸದ್ದಾಯಿತು.

ಅಕ್ಕ ಎಡಗಾಲೂರಿ, ಗೋಡೆಗೆ ಕೈ ಕೊಟ್ಟು, ತಾನೇ ಎದ್ದು ನಿಂತಳು. ಬೀಗತಿ ಮಜ್ಜಿಗೆ ಬಟ್ಟಲು ಬದಿಗೆ ಸರಿಸಿದರು. ಅಕ್ಕನತ್ತ ಕೈ ಚಾಚಿ, "ಇನ್ನ ನನ್ನ ಎಬ್ಬಸ್ರಿ ಬೀಗತೇರ, ಹೊಟ್ಟಿ ಭಾರ ಆಗೈತಿ," ಎಂದರು.