ಮೆತ್ತಗೆ ಮಾತಾಡುವ ಗಂಡಂದಿರು

ಫ್ರೆಂಚ್ ಕೊಲೆ ಕಾದಂಬರಿಗಳ ಕನ್ನಡ ಅನುವಾದ ಓದುವ ಹುಚ್ಚು ಹಿಡಿದದ್ದು ಸಾಗರದಲ್ಲಿರುವ ನನಗೆ. ತೀರ್ಥಹಳ್ಳಿಯ ಅಕ್ಕನಿಗೂ ಅದನ್ನು ಅಂಟಿಸಿದೆ. ಅವುಗಳಲ್ಲಿ ಓಡಾಟ, ಗುಂಡಿನ ಸದ್ದು ಕಡಿಮೆ. ಹೊರಗೆ ಮಂಜು ಕವಿದಿರುತ್ತದೆ, ಊಟದ ಮೇಜಿನಲ್ಲಿ ಗಂಡ ಮೆತ್ತಗೆ ಉಪ್ಪು ಕೇಳುತ್ತಾನೆ. ಕೊಲ್ಲುವವನು ಇವನೇ ಎಂದು ನಮಗೆ ಆಗಲೇ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಬೆಚ್ಚಗೆ ಕೂತು ಹೆದರುವ ಸುಖಕ್ಕೇ ನಾನು ಓದುತ್ತಿದ್ದೆ. ಅಕ್ಕ ಓದುವ ರೀತಿ ಬೇರೆ.

"ಆ ಹೆಂಡ್ತಿಗೂ ಗೊತ್ತಿರ್ತದೆ ಕಣೆ. ಗೊತ್ತಿಲ್ಲದವಳ ಹಾಗೆ ಇರ್ತಾಳೆ ಅಷ್ಟೆ," ಎಂದಿದ್ದಳು ಒಮ್ಮೆ. ನಾನು ನಕ್ಕುಬಿಟ್ಟಿದ್ದೆ.

ಹೋದ ಮಳೆಗಾಲದಲ್ಲಿ ಹೊಸ ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ಪುಟ ತಿರುಗಿಸುವಾಗ ಅವಳ ಮಣಿಕಟ್ಟಿನ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿದ್ದು ಕಂಡಿತು. ನಾನು ನೋಡಿದ್ದು ತಿಳಿದು ಸೆರಗು ಎಳೆದುಕೊಂಡಳು. ಭಾವ ಎಂದೂ ದನಿ ಏರಿಸಿದವರಲ್ಲ. ಊರಿಗೆಲ್ಲ ಅವರು ದೇವರಂಥ ಮನುಷ್ಯ.

ಅಷ್ಟರಲ್ಲಿ ಅವರೇ ಒಳಗೆ ಬಂದರು. ಪುಸ್ತಕ ಎತ್ತಿಕೊಂಡು ನಡುವಿನ ಒಂದು ಪುಟ ಓದಿ, ಮುಚ್ಚಿಟ್ಟರು. ಅಕ್ಕನ ಮೊಬೈಲನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಹೊರಡು, ಸ್ವಲ್ಪ ಹೋಗಿ ಬರೋಣ," ಎಂದರು ಅವಳಿಗೆ.

ಹೊರಗೆ ಮಳೆ ಸುರಿಯುತ್ತಿತ್ತು, ಮನೆಯ ಕೆಳಗಿನ ಹೊಳೆ ತುಂಬಿ ಹರಿಯುತ್ತಿತ್ತು. ಅಂಥ ಮಳೆಯಲ್ಲಿ ಯಾರು ತಿರುಗಾಟಕ್ಕೆ ಹೋಗುತ್ತಾರೆ? ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

ಹೊರಟವರನ್ನು 'ಎಲ್ಲಿಗೆ' ಎಂದು ನಮ್ಮಲ್ಲಿ ಕೇಳಬಾರದು. ಕೇಳಿದರೆ ಹೊರಟ ಕೆಲಸ ಕೆಟ್ಟಿತೆಂದೇ ಅರ್ಥ. ವಾಪಸು ಬಂದು ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಭಾವನಿಗಂತೂ ಶಕುನದ ಮೇಲೆ ಎಲ್ಲಿಲ್ಲದ ನಂಬಿಕೆ. ಅಕ್ಕ ಆಗಲೇ ಅಂಗಳಕ್ಕೆ ಇಳಿದಿದ್ದಳು. ಅವಳ ಹಿಂದೆ ಅವರು ಹೊಸ್ತಿಲು ದಾಟುತ್ತಿದ್ದಂತೆ, "ಎಲ್ಲಿಗೆ ಭಾವ?" ಎಂದು ಕೂಗಿದೆ.

ಅವರು ನಿಂತರು. ತಿರುಗಿ ನನ್ನನ್ನು ನೋಡಿದರು.

"ಕೇಳಬಾರದಿತ್ತು ನೀನು," ಎಂದರು ಮೆತ್ತಗೆ. ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾನೇ ನೀರು ತಂದುಕೊಟ್ಟೆ. ಅವರು ಲೋಟ ಎತ್ತುತ್ತಿದ್ದಾಗ ಅಂಗಳದಲ್ಲೇ ನಿಂತಿದ್ದ ಅಕ್ಕ, "ಇವಳನ್ನ ಬಸ್ಸಿಗೆ ಬಿಟ್ಟು ಬರ್ತೀನಿ," ಎಂದಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ.

ನನ್ನ ಜೊತೆ ಬಸ್ಸು ಹತ್ತಿದವಳು ಅದು ಹೊರಟಾಗ ಇಳಿಯಲಿಲ್ಲ. ಹೊಸನಗರ ದಾಟಿದ ಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಹೇಳಿದಳು: "ನೀ ಕೇಳ್ದೇ ಇದ್ದಿದ್ರೆ ನಾನು ಸುಮ್ನೆ ಹೋಗಿಬಿಡ್ತಿದ್ದೆ ಕಣೆ."