ಒಂದು ಸುತ್ತು ಹೆಚ್ಚಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಯಂತ್ರ ನಡೆಸುವ ಕಲ್ಲಪ್ಪನವರು ನಾನು ಹೇಳಿ ಮಾಡಿಸಿದ ಲೋಹದ ಅರ್ಧಗೋಳವನ್ನು ಹಳೆಯ ಧೋತರದಲ್ಲಿ ಸುತ್ತಿ, ರೊಟ್ಟಿ ಡಬ್ಬಿಯಿದ್ದ ಚೀಲದಲ್ಲೇ ಇಟ್ಟು ತಂದಿದ್ದರು. ಬೋರಲು ಹಾಕಿದ ಬಟ್ಟಲಿನಷ್ಟು ದೊಡ್ಡದು. ಮೈ ಮಾತ್ರ ಕನ್ನಡಿ. ಅವರು ಬೀಡಿ ಎಂಬ ಊರಿನವರು, ಖಾನಾಪುರದಲ್ಲಿ ಬಸ್ಸು ಬದಲಿಸಿ ದಿನವೂ ಬೆಳಗಾವಿಗೆ ಬರುವವರು. ನಾನು ಇಲ್ಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವಳು.

ನೆಲವೇ ಇಲ್ಲದ ಕಡೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದೆಂದರೆ ಏನೆಂದು ಎಂದಾದರೂ ಯೋಚಿಸಿದ್ದೀರಾ, ಗೆಳೆಯರೇ? ಉಪಗ್ರಹದ ಒಡಲಲ್ಲಿ ಪುಟ್ಟ ಗಾಲಿಗಳಿರುತ್ತವೆ. ಅವು ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ಹೊರಳುತ್ತದೆ. ತೂಕದ ಅಂದಾಜು ತಪ್ಪಲಿ, ರೆಕ್ಕೆಯಂಥ ಫಲಕಗಳು ನಡುಗಲಿ, ಆದರೂ ದಿಕ್ಕು ತಪ್ಪದಂತೆ ಆ ಗಾಲಿಗಳನ್ನು ಆಳುವ ಸೂತ್ರಕ್ಕೆ ದೃಢ ನಿಯಂತ್ರಣ ಎನ್ನುತ್ತೇವೆ. ಅಂಥದೊಂದು ಸೂತ್ರಕ್ಕೆ ನಾನು ಏಳು ವರ್ಷ ತೆತ್ತಿದ್ದೆ. ವಿದ್ಯಾರ್ಥಿನಿಯರ ತಂಡವೊಂದು ಕಟ್ಟುತ್ತಿದ್ದ ಚಿಕ್ಕ ಉಪಗ್ರಹಕ್ಕೆ ಅದು ಯೋಗ್ಯವೆಂದು ಸಹಿಯನ್ನೂ ಹಾಕಿ ಕೊಟ್ಟಿದ್ದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಕಲ್ಲಪ್ಪನವರ ಅರ್ಧಗೋಳ ಗಾಳಿಯ ಒತ್ತಡದ ಮೇಲೆ, ಯಾವುದಕ್ಕೂ ತಾಗದೆ, ತೇಲುತ್ತಿತ್ತು. ಅದರ ಮೇಲೆ ನಮ್ಮ ಮಾದರಿ ಉಪಗ್ರಹ. ಒಂದು ಬದಿಗೆ ತೂಕ ಕಟ್ಟಿದೆ, ಫಲಕದ ತಿರುಪು ಸಡಿಲಿಸಿದೆ. ಏನು ಮಾಡಿದರೂ ಅದು ಗೋಡೆಯ ಗುರುತಿಗೇ ಮುಖ ಮಾಡಿ ನಿಲ್ಲುತ್ತಿತ್ತು. ಆ ಹೆಮ್ಮೆಯಲ್ಲೇ ಒಂದು ಶನಿವಾರ ಮಧ್ಯಾಹ್ನ ಅವರನ್ನು ಕರೆದೆ.

ಮುಟ್ಟಬಹುದೇ ಎಂದು ಕೇಳಿದರು. ಹೂಂ ಎಂದೆ. ಯಂತ್ರಕ್ಕೆ ಕಟ್ಟಿದ ಕೆಲಸವನ್ನು ಕೈಯಿಂದ ತಿರುಗಿಸಿ ನೋಡುವ ರೂಢಿಯಂತೆ, ಅವರು ಅದನ್ನು ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸರಿಯಾಗಿ ಗುರುತಿಗೆ ತಂದು ಬಿಟ್ಟರು. ಅದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗುರುತನ್ನು ಬಿಟ್ಟು ಹೊರಟಿತು; ಅವರು ತಿರುಗಿಸಿದ ದಾರಿಯಲ್ಲೇ ಹಿಂದಕ್ಕೆ, ವೇಗ ಹೆಚ್ಚಿಸಿಕೊಳ್ಳುತ್ತ. ಫಲಕದ ಅಂಚು ಅವರ ಮಣಿಕಟ್ಟಿಗೆ ಬಡಿದು ರಕ್ತ ಚಿಮ್ಮಿತು. ಒಂದು ಸುತ್ತು ಮುಗಿಸಿ ಅದೇ ಗುರುತಿಗೆ ಬಂದು, ಏನೂ ಆಗಿಲ್ಲವೆಂಬಂತೆ ನಿಂತಿತು.

ಕರವಸ್ತ್ರ ಒತ್ತಿ ಹಿಡಿದು ಅವರು ಮೆಲ್ಲಗೆ ಕೇಳಿದರು: “ಪೆಟ್ಟು ಇರಲಿ ಬಿಡ್ರಿ. ಮುಟ್ಟೂ ಜಾಗಾ ಮುಟ್ಟಿತ್ತಲ್ರೀ ಮೇಡಮ್ಮಾರ. ಮತ್ತ ಯಾಕ ಹೊಂಟಿತು?”



ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿ, ಒಂದೇ ಕೈಯಲ್ಲಿ ಬಸ್ಸು ಹತ್ತುವುದು ಬೇಡವೆಂದು ಖಾನಾಪುರದವರೆಗೆ ನಾನೂ ಹೋದೆ. ದಾರಿಯಲ್ಲಿ ಹೊಳೆಯಿತು. ನಮ್ಮ ಲೆಕ್ಕದಲ್ಲಿ ಒಂದೇ ದಿಕ್ಕಿಗೆ ಎರಡು ಹೆಸರು, ಅಂದರೆ ಎರಡು ಬಗೆಯ ಅಂಕಿಗಳು. ಪೂರ್ತಿ ಒಂದು ಸುತ್ತು ಬಂದರೆ ಎರಡನೆಯ ಹೆಸರು. ನನ್ನ ಸೂತ್ರ ಮೊದಲ ಹೆಸರನ್ನು ಮಾತ್ರ ಬಲ್ಲದು. ಎರಡನೆಯದು ಕಂಡರೆ, ಗುರಿ ಸೇರಿದ್ದೇನೆಂದು ತಿಳಿಯದೆ, ಮೊದಲನೆಯದನ್ನು ಹುಡುಕಿ ಇಡೀ ಲೋಕ ಸುತ್ತಿ ಬರುತ್ತದೆ. ಆಕಾಶದಲ್ಲಾದರೆ ಇದ್ದ ಅಷ್ಟಿಷ್ಟು ಶಕ್ತಿ ಅದರಲ್ಲೇ ತೀರಬಹುದು.

ಖಾನಾಪುರದ ನಿಲ್ದಾಣದಿಂದಲೇ ತಂಡದ ನಾಯಕಿಗೆ ಫೋನು ಮಾಡಿ, ನನ್ನ ಸಹಿ ಹಿಂದಕ್ಕೆ ಪಡೆದಿದ್ದೇನೆ ಎಂದೆ. ಸೂತ್ರದಲ್ಲಿ ತಿದ್ದಿದ್ದು ಒಂದೇ ಸಾಲು: ಎರಡೂ ಹೆಸರು ಒಂದೇ ದಿಕ್ಕಿನವು ಎಂದು. ಮರುವಾರ ಕಲ್ಲಪ್ಪನವರು ಪಟ್ಟಿ ಕಟ್ಟಿದ ಕೈಯಿಂದಲೇ ಸುತ್ತು ತಿರುಗಿಸಿ ಬಿಟ್ಟರು. ನಿಂತಿತು. “ಈಗ ಕಳಸ್ರಿ,” ಎಂದರು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಪ್ರಶ್ನೆಪತ್ರಿಕೆಗೆಂದು ಹಳೆಯವನ್ನು ತಿರುವಿಹಾಕುತ್ತಿದ್ದೆ. ಮೂರು ವರ್ಷದ ಹಿಂದಿನದೊಂದರಲ್ಲಿ, ಇದೇ ದೋಷವನ್ನು ವಿವರಿಸಿ ಎಂಬ ಐದು ಅಂಕದ ಪ್ರಶ್ನೆಯಿತ್ತು. ಜೊತೆಗೆ ಪಿನ್ನು ಚುಚ್ಚಿದ ಮಾದರಿ ಉತ್ತರ, ಒಂದೂ ತಪ್ಪಿಲ್ಲದ್ದು, ನನ್ನದೇ ಕೈಬರಹ.