ಚೆಲ್ಲಬೇಕಿದ್ದ ಹಾಲು

ಕಳೆದ ಭಾನುವಾರ ಲೋಕಲ್ ರೈಲು ಹಿಡಿದು ಚೆಂಬೂರಿಗೆ, ನನ್ನ ತಂಗಿ ಶಾಂತಾಳ ಮನೆಗೆ ಹೋಗಿದ್ದೆ. ಅವಳ ಏಳು ತಿಂಗಳ ಮಗು ಅಳುತ್ತಿತ್ತು. ಎತ್ತಿಕೊಳ್ಳಲು ಅವಳು ಬಗ್ಗಿದ್ದೇ ತಡ, ಅವಳ ಅತ್ತೆ ಗದರಿದರು: "ಏ, ನೀ ಮುಟ್ಟಬ್ಯಾಡ! ನಿಮ್ಮಕ್ಕ ಎತ್ಕೊಳ್ಳಲಿ. ಆಕಿ ಮ್ಯಾಲ ನನಗ ನಂಬಿಕಿ ಐತಿ."

ಮಗು ನನ್ನ ಕೈಗೆ ಬಂತು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟೂ ಬಂತು.

ಯಾಕೆ ಗೊತ್ತೇ?

ಹುಟ್ಟಿದ ಐದನೇ ದಿನಕ್ಕೇ ಮಗು ಕುಡಿದ ಹಾಲೆಲ್ಲ ವಾಂತಿ ಮಾಡತೊಡಗಿತ್ತು. ಮೈಯೆಲ್ಲ ಹಳದಿ. ("ಕಾಮಾಲಿ, ಬಿಸಿಲಿಗೆ ಹಿಡೀರಿ" ಎಂದವಳು ನಾನೇ. ಏಳನೇ ಕ್ಲಾಸು ಓದಿದವಳ ಡಾಕ್ಟರಿಕೆ!) ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲಲಿಲ್ಲ. ಲಿವರ್ ಫೇಲ್ ಆಗುತ್ತಿದೆ ಎಂದರು.

ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಈ ಮಗುವಿಗೆ ಹುಟ್ಟಿನಿಂದಲೇ ಇಲ್ಲವಂತೆ. ತಂದೆತಾಯಿ ಇಬ್ಬರಿಂದಲೂ ಬಂದ ದೋಷ. ಕುಡಿದ ಹಾಲೇ ಲಿವರನ್ನು ಕೆಡಿಸುತ್ತದೆ. ಚಿಕಿತ್ಸೆ? ಹಾಲು ನಿಲ್ಲಿಸುವುದು. ಎದೆಹಾಲು ಕೂಡ. ಬದಲಿಗೆ ಸೋಯಾ ಪುಡಿ.

ನಿಲ್ಲಿಸಿದರು. ಮಗು ಚೇತರಿಸಿಕೊಂಡು ಮನೆಗೆ ಬಂತು.

ಬಾಣಂತನಕ್ಕೆ ನಾನಿದ್ದೆ. ಎದೆ ಬಿಗಿದಾಗಲೆಲ್ಲ ಶಾಂತಾ ಅಳುತ್ತಾ ಬಟ್ಟಲಿಗೆ ಹಾಲು ಹಿಂಡುತ್ತಿದ್ದಳು, ಚೆಲ್ಲಲು. ತಾಯಿಯ ಹಾಲು ಎಲ್ಲಾದರೂ ವಿಷವಾಗುತ್ತದೆಯೇ? ಪುಡಿ ಮಾರುವವರ ಆಟ ಇದು ಅಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಆ ಹಾಲನ್ನು ಒಳಲೆಗೆ ಬಗ್ಗಿಸಿ ಮಗುವಿಗೆ ಕುಡಿಸಿದೆ. ಒಂದು ದಿನವಲ್ಲ, ಮೂರು ದಿನ.

ನಾಲ್ಕನೇ ದಿನ ಮತ್ತೆ ಆಸ್ಪತ್ರೆ. "ದೂಧ್ ಕಿಸ್ನೇ ಪಿಲಾಯಾ?" ಹಾಲು ಕುಡಿಸಿದ್ದು ಯಾರೆಂದು ಡಾಕ್ಟರಮ್ಮ ಕಿರುಚಿದರು.

"ಇನ್ಯಾರು? ಈಕಿನ!" ಅತ್ತೆ ಶಾಂತಾಳತ್ತ ಕೈ ಮಾಡಿದರು. "ಹೆತ್ತ ಕರುಳು ತಡೀಲಿಲ್ಲ, ಕದ್ದು ಕುಡಿಸ್ಯಾಳ."

"ನಾ ಅಲ್ರೀ ಅತ್ತಿ."

ಒಬ್ಬರಾದರೂ ನಂಬಬೇಕಲ್ಲ! ಅವಳ ಗಂಡ ಮುಖ ತಿರುಗಿಸಿಕೊಂಡ. ನಾನು ಪಕ್ಕದಲ್ಲೇ ಇದ್ದೆ, ಬಗಲಲ್ಲಿ ಫ್ಲಾಸ್ಕ್ ಹಿಡಿದುಕೊಂಡು. ಬಾಯಿ ಬಿಡಲಿಲ್ಲ.

ಮಗು ಉಳಿಯಿತು. ಆದರೆ ಅಂದಿನಿಂದ ಹೆತ್ತವಳನ್ನು ಮಗುವಿನ ಹತ್ತಿರ ಒಬ್ಬಳನ್ನೇ ಬಿಡುವುದಿಲ್ಲ. ಸೋಯಾ ಡಬ್ಬಿ ಅತ್ತೆಯ ಕಪಾಟಿನಲ್ಲಿ, ಬೀಗ ಹಾಕಿ.

ಮಗುವಿಗೆ ಏನಾದರೂ ಆದರೆ ಮೊದಲು ತಾಯಿಯತ್ತಲೇ ಬೆರಳು ಯಾಕೆ ಹೋಗುತ್ತದೆ? ಪ್ರತಿ ವಾರ ಈ ಅಂಕಣದಲ್ಲಿ ಲೋಕಲ್‌ನಲ್ಲಿ ಸೀಟು ಹಿಡಿಯುವವರಿಂದ ಹಿಡಿದು ಕಾರ್ಪೊರೇಟರ್‌ವರೆಗೆ ಎಲ್ಲರನ್ನೂ ಬೈಯುವ ನನ್ನ ಬಾಯಿ ಅಂದು ಎಲ್ಲಿ ಹೋಗಿತ್ತು?

ಈ ಪೇಪರ್ ಶಾಂತಾಳ ಮನೆಗೂ ಬರುತ್ತದೆ. ನನ್ನ ಬರಹವನ್ನು ಅವಳ ಅತ್ತೆ ತಮ್ಮ ಮಗನಿಂದ ಓದಿಸಿ ಕೇಳುತ್ತಾರೆ (ಹೆಮ್ಮೆಯಿಂದ!). ಕೇಳಿಸಿಕೊಳ್ಳಿ ಬೀಗತಿಯವರೇ, ಹಾಲು ಕುಡಿಸಿದವಳು ನಾನು.

ಈಗ ಹೇಳಿ, ಮಗುವನ್ನು ಯಾರ ಕೈಗೆ ಕೊಡುತ್ತೀರಿ?